ಬ್ರಿಡ್ಜ್‌ವಾಟರಿನಿಂದ ಗಂಗೊಳ್ಳಿಗೆ ನೀರಿನ ದಾರಿ

ಅಮ್ಮ ಅಮೆರಿಕಕ್ಕೆ ಬಂದದ್ದು ಒಂದೇ ಸಲ, 2011ರ ಬೇಸಿಗೆಯಲ್ಲಿ. ಬ್ರಿಡ್ಜ್‌ವಾಟರಿನಲ್ಲಿ ಅವಳಿಗೆ ಹಿಡಿಸಿದ್ದು ಎರಡೇ ಸಂಗತಿ. ಒಂದು ಇಲ್ಲಿನ ಬಾಲಾಜಿ ದೇವಸ್ಥಾನ, ಇನ್ನೊಂದು ನಮ್ಮ ಹಿತ್ತಿಲಿನಲ್ಲಿ ಹಬ್ಬಿದ್ದ ಬಸಳೆ. ಉಳಿದಂತೆ, "ಇಲ್ಲಿ ಎಲ್ಲ ಇತ್ತ್, ಕಡ್ಲ್ ಒಂದ್ ಇಲ್ಲ" ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಗಂಗೊಳ್ಳಿಯ ಅಳಿವೆಯ ಪಕ್ಕದಲ್ಲಿ ಹುಟ್ಟಿ ಬೆಳೆದವಳು. ಕಡಲಿನ ಸದ್ದಿಲ್ಲದೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಒಂದು ಶನಿವಾರ ಅವಳನ್ನು ಸ್ಯಾಂಡಿ ಹುಕ್‌ಗೆ ಕರೆದುಕೊಂಡು ಹೋದೆ. ಬ್ರಿಡ್ಜ್‌ವಾಟರಿನ ದಕ್ಷಿಣದ ಗಡಿಯಲ್ಲಿ ಹರಿಯುವ ರಾರಿಟನ್ ನದಿ ಕೊಲ್ಲಿ ಸೇರುವ ಕಡೆ, ಕಡಲಿನೊಳಕ್ಕೆ ಚಾಚಿಕೊಂಡ ಮರಳಿನ ನಾಲಿಗೆ ಅದು. ಅಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಅಲೆಗೆ ಕಾಲು ಕೊಟ್ಟಳು. ಬೊಗಸೆಯಲ್ಲಿ ನೀರು ತೆಗೆದು ಕಣ್ಣಿಗೆ ಒತ್ತಿಕೊಂಡು ಕೇಳಿದಳು: "ಈ ನೀರ್ ನಮ್ ಗಂಗೊಳ್ಳಿಗ್ ಹೋತ್ತಾ ಮಗಾ?"

"ಹೋತ್ತ್ ಅಮ್ಮ, ಎಲ್ಲ ಒಂದೇ ಕಡ್ಲ್ ಅಲ್ದಾ" ಎಂದೆ.

"ಎಷ್ಟ್ ದಿನ ಬೇಕ್?"

ನನಗೆ ಗೊತ್ತಿರಲಿಲ್ಲ. ನಾನು ಔಷಧ ಕಂಪನಿಯೊಂದರಲ್ಲಿ ರಸಾಯನಶಾಸ್ತ್ರಜ್ಞ. ನೂರು ಕೋಟಿ ಕಣಗಳ ನಡುವೆ ಬೇಡದ ಒಂದೆರಡು ಕಣ ಎಲ್ಲಿ ಅಡಗಿವೆ ಎಂದು ಹುಡುಕುವುದೇ ನನ್ನ ಹೊಟ್ಟೆಪಾಡು. ಆದರೂ ಕಡಲಿನ ನೀರಿಗೆ ವಯಸ್ಸು ಇರುತ್ತದೆ, ಅದನ್ನು ಅಳೆಯಬಹುದು ಎಂದು ಅಂದು ಹೊಳೆದಿರಲಿಲ್ಲ. ಏನೋ ಹೇಳಿ ಮಾತು ತೇಲಿಸಿದೆ.

2021ರ ಮೇ ತಿಂಗಳಲ್ಲಿ ಅಮ್ಮ ಹೋದಳು. ಕೋವಿಡ್‌ನ ಎರಡನೇ ಅಲೆಯ ದಿನಗಳು. ನನಗೆ ಊರಿಗೆ ಹೋಗಲು ಆಗಲಿಲ್ಲ. ತಮ್ಮ ಗಂಗೊಳ್ಳಿಯಲ್ಲಿ, ಪಂಚಗಂಗಾವಳಿ ಕಡಲು ಸೇರುವ ಜಾಗದಲ್ಲಿ ಅಸ್ಥಿ ಬಿಟ್ಟದ್ದನ್ನು ಬೆಳಗಿನ ಜಾವ ಎರಡು ಗಂಟೆಗೆ ಫೋನಿನಲ್ಲಿ ನೋಡಿದೆ. ಅವಳ ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಡಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಒಂದು ವಿಷಯ ತಿಳಿಯಿತು. ಕಡಲಿನ ನೀರಿನ ದಾರಿಯನ್ನು ಮನುಷ್ಯ ಕಂಡುಕೊಂಡ ಚರಿತ್ರೆಯ ಮುಖ್ಯ ಅಧ್ಯಾಯಗಳಲ್ಲಿ ಹಲವು ನಡೆದದ್ದು ನಮ್ಮ ಮನೆಯಿಂದ ಎರಡು ಗಂಟೆಯ ಡ್ರೈವಿನೊಳಗೆ.

ಮೊದಲ ಅಧ್ಯಾಯ ರಾರಿಟನ್ ನದಿಯ ಬಾಯಲ್ಲೇ ಇದೆ. 1723ರಲ್ಲಿ ಅಣ್ಣನ ಮುದ್ರಣಾಲಯದಿಂದ ಓಡಿಬಂದ 17ರ ಹುಡುಗನೊಬ್ಬ ನ್ಯೂಯಾರ್ಕಿನಿಂದ ದೋಣಿ ಹತ್ತಿ, ಬಿರುಗಾಳಿಗೆ ಸಿಕ್ಕಿ, ಮೂವತ್ತು ಗಂಟೆ ಒದ್ದಾಡಿ ಪರ್ತ್ ಆಂಬಾಯ್‌ನಲ್ಲಿ ಇಳಿದ. ಅಲ್ಲಿಂದ ನ್ಯೂಜೆರ್ಸಿಯ ಅಗಲಕ್ಕೂ ನಡೆದುಕೊಂಡು ಹೋದ. ಆತ ಬೆಂಜಮಿನ್ ಫ್ರ್ಯಾಂಕ್ಲಿನ್. ಮುಂದೆ ಅಂಚೆ ಇಲಾಖೆಯ ಅಧಿಕಾರಿಯಾಗಿ ಲಂಡನ್ನಿನಲ್ಲಿದ್ದಾಗ, 1768ರ ಸುಮಾರಿಗೆ, ಅವನ ಮುಂದೆ ಒಂದು ದೂರು ಬಂತು. ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ಬರುವ ಅಂಚೆ ಹಡಗುಗಳು ರೋಡ್ ಐಲೆಂಡಿಗೆ ಬರುವ ವ್ಯಾಪಾರದ ಹಡಗುಗಳಿಗಿಂತ ಎರಡು ವಾರ ತಡವೇಕೆ? ಫ್ರ್ಯಾಂಕ್ಲಿನ್ ತನ್ನ ನೆಂಟ, ನ್ಯಾಂಟಕೆಟ್ ದ್ವೀಪದ ಕಪ್ತಾನ ಟಿಮೊತಿ ಫೋಲ್ಜರ್‌ನನ್ನು ಕೇಳಿದ. ಕಡಲಿನೊಳಗೆ ಒಂದು ನದಿ ಇದೆ, ತಿಮಿಂಗಿಲಗಳು ಅದರ ಅಂಚಿನಲ್ಲಿ ಓಡಾಡುವುದರಿಂದ ನಮಗೆ ಗೊತ್ತು, ಅಂಚೆ ಹಡಗಿನವರು ಅದಕ್ಕೆ ಎದುರಾಗಿ ಬರುತ್ತಾರೆ, ಹೇಳಿದರೆ ಕೇಳುವುದಿಲ್ಲ ಎಂದ ಫೋಲ್ಜರ್. ಆತ ಗೆರೆ ಎಳೆದು ತೋರಿಸಿದ ಆ ನದಿಯನ್ನು ಫ್ರ್ಯಾಂಕ್ಲಿನ್ ನಕ್ಷೆಯಾಗಿ ಅಚ್ಚು ಹಾಕಿಸಿದ. ಅದೇ ಗಲ್ಫ್ ಸ್ಟ್ರೀಮ್. 1775ರಲ್ಲಿ ಊರಿಗೆ ಮರಳುವಾಗ ದಿನಕ್ಕೆ ಹಲವು ಸಲ ಥರ್ಮಾಮೀಟರನ್ನು ನೀರಿಗಿಳಿಸಿ, ಈ ಹರಿವು ಸುತ್ತಲಿನ ನೀರಿಗಿಂತ ಬೆಚ್ಚಗಿದೆ ಎಂದು ಬರೆದಿಟ್ಟ.

ನಮ್ಮ ಕರಾವಳಿಯ ಮೀನುಗಾರರಿಗೆ ಯಾವ ತಿಂಗಳು ನೀರು ಯಾವ ಕಡೆ ಎಳೆಯುತ್ತದೆ ಎಂದು ಹೇಳಿಕೊಡಬೇಕಿಲ್ಲ. ನ್ಯಾಂಟಕೆಟ್‌ನವರದೂ ಅದೇ ಜಾತಿಯ ತಿಳಿವಳಿಕೆ. ಫ್ರ್ಯಾಂಕ್ಲಿನ್ನನ ದೊಡ್ಡತನವೆಂದರೆ ಬೆಸ್ತರ ಮಾತನ್ನು ಕೇಳಿಸಿಕೊಂಡದ್ದು. ಇಂಗ್ಲಿಷ್ ಕಪ್ತಾನರು ಅವನ ನಕ್ಷೆಯನ್ನೂ ಮೂಲೆಗೆ ಹಾಕಿದರು.

ಇದು ಮೇಲಿನ ನೀರಿನ ಕಥೆ. ಆಳದ ನೀರಿನ ಸುಳಿವು ಸಿಕ್ಕಿದ್ದು ಇನ್ನೊಂದು ಹಡಗಿನಲ್ಲಿ. 1751ರಲ್ಲಿ ಹೆನ್ರಿ ಎಲ್ಲಿಸ್ ಎಂಬ ಕಪ್ತಾನ ಗುಲಾಮರ ವ್ಯಾಪಾರದ ಹಡಗನ್ನು ನಡೆಸುತ್ತಾ, ಅಟ್ಲಾಂಟಿಕ್‌ನಲ್ಲಿ ಮುಚ್ಚಳವಿದ್ದ ಒಂದು ಬಕೆಟನ್ನು ಹಗ್ಗ ಕಟ್ಟಿ ಇಳಿಸಿದ. ಮೇಲಿನ ನೀರು 84 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ, ಒಂದು ಮೈಲಿ ಆಳದಿಂದ ಬಂದದ್ದು 53 ಡಿಗ್ರಿ. ಎಲ್ಲಿಸ್ ಆ ತಣ್ಣೀರಿನಲ್ಲಿ ಸ್ನಾನ ಮಾಡಿದ, ತನ್ನ ದ್ರಾಕ್ಷಾರಸವನ್ನು ತಂಪು ಮಾಡಿಕೊಂಡ.  ಬಿಸಿಲಿನ ನಾಡಿನ ಕಡಲ ತಳದಲ್ಲಿ ಇಷ್ಟು ತಣ್ಣೀರು ಎಲ್ಲಿಂದ ಬಂತು? ಧ್ರುವದ ಕಡೆ ಮುಳುಗಿದ ನೀರೇ ತಳದಲ್ಲಿ ಹರಿದು ಬಂದಿರಬೇಕು ಎಂದು 1797ರಲ್ಲಿ ಕೌಂಟ್ ರಮ್‌ಫರ್ಡ್ ತರ್ಕಿಸಿದ.

ಅವನ ತರ್ಕ ಸರಿಯಾಗಿತ್ತು. ಬೆಚ್ಚನೆಯ ನೀರು ಉತ್ತರಕ್ಕೆ ಹರಿಯುವಾಗ ದಾರಿಯಲ್ಲಿ ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಗ್ರೀನ್‌ಲ್ಯಾಂಡಿನ ಎರಡೂ ಬದಿಯ ಕಡಲುಗಳಲ್ಲಿ ಚಳಿಗಾಳಿ ಆ ಉಪ್ಪುನೀರಿನ ಶಾಖವನ್ನು ಕಸಿದುಕೊಳ್ಳುತ್ತದೆ. ತಣ್ಣಗಾದ ಉಪ್ಪುನೀರು ಭಾರವಾಗಿ ಕೆಳಗಿಳಿಯುತ್ತದೆ, ಕತ್ತಲಿನಲ್ಲಿ ದಕ್ಷಿಣಕ್ಕೆ ಹೊರಡುತ್ತದೆ. ಈ ಆಳದ ಹರಿವು ಅಮೆರಿಕದ ಕರಾವಳಿಗೆ ಒತ್ತಿಕೊಂಡೇ ಸಾಗಬೇಕು ಎಂದು ಹೆನ್ರಿ ಸ್ಟಾಮೆಲ್ ಲೆಕ್ಕ ಹಾಕಿದರು. 1957ರಲ್ಲಿ ಇಂಗ್ಲೆಂಡಿನ ಜಾನ್ ಸ್ವಾಲೋ ನಿಗದಿತ ಆಳದಲ್ಲಿ ತೇಲುತ್ತಾ ಸದ್ದು ಮಾಡುವ ಕೊಳವೆಗಳನ್ನು ನೀರಿಗೆ ಬಿಟ್ಟು ಅವುಗಳ ಹಿಂದೆ ಹೋದರು. ಮೇಲೆ ಗಲ್ಫ್ ಸ್ಟ್ರೀಮ್ ಉತ್ತರಕ್ಕೆ ಓಡುತ್ತಿತ್ತು. ಅದರ ಅಡಿಯಲ್ಲಿ ಕೊಳವೆಗಳು ದಕ್ಷಿಣಕ್ಕೆ ಸಾಗಿದವು.

ದಿಕ್ಕೇನೋ ಗೊತ್ತಾಯಿತು. ಅಮ್ಮ ಕೇಳಿದ "ಎಷ್ಟ್ ದಿನ" ಎಂಬುದಕ್ಕೆ ಗಡಿಯಾರ ಬೇಕಿತ್ತು. ಆ ಗಡಿಯಾರ ತಯಾರಾದದ್ದು ನಮ್ಮಿಂದ ಒಂದು ಗಂಟೆ ದೂರದಲ್ಲಿ, ನ್ಯೂಜೆರ್ಸಿಯ ಗಡಿ ದಾಟಿದೊಡನೆ ಹಡ್ಸನ್ ನದಿಯ ಮೇಲಿನ ಬಂಡೆಗಳ ನೆತ್ತಿಯಲ್ಲಿರುವ ಪ್ಯಾಲಿಸೇಡ್ಸ್ ಎಂಬಲ್ಲಿ. ಬ್ಯಾಂಕರ್ ಥಾಮಸ್ ಲ್ಯಾಮಂಟ್ ಅವರ ಎಸ್ಟೇಟು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದು, 1949ರಲ್ಲಿ ಅಲ್ಲಿ ಭೂವಿಜ್ಞಾನದ ಕೇಂದ್ರ ಶುರುವಾಯಿತು. ಬಂಗಲೆಯ ಅಡುಗೆಮನೆಯೇ ರಸಾಯನ ಪ್ರಯೋಗಾಲಯವಾಯಿತು. 1952ರಲ್ಲಿ ವಿದ್ಯಾರ್ಥಿಯಾಗಿ ಬಂದ ವಾಲಸ್ ಬ್ರೋಕರ್ 2019ರಲ್ಲಿ ತೀರಿಕೊಳ್ಳುವವರೆಗೂ ಆ ಜಾಗ ಬಿಡಲಿಲ್ಲ.

ಗಡಿಯಾರದ ಕ್ರಮ ಸರಳ. ಗಾಳಿಯಲ್ಲಿರುವ ಇಂಗಾಲದಲ್ಲಿ ಅತ್ಯಲ್ಪ ಪಾಲು ಕಾರ್ಬನ್-14. ಅದು ವಿಕಿರಣಶೀಲ, 5730 ವರ್ಷದಲ್ಲಿ ಅರ್ಧವಾಗುತ್ತದೆ. ನೀರು ಮೇಲ್ಮೈಯಲ್ಲಿ ಇರುವಷ್ಟು ಹೊತ್ತು ಗಾಳಿಯಿಂದ ಕಾರ್ಬನ್-14 ಸಿಗುತ್ತಿರುತ್ತದೆ. ಮುಳುಗಿದ ಮೇಲೆ ಹೊಸದು ಸಿಗುವುದಿಲ್ಲ, ಇದ್ದದ್ದು ಸವೆಯುತ್ತದೆ. ಎಷ್ಟು ಸವೆದಿದೆ ಎಂದು ಅಳೆದರೆ, ನೀರು ಗಾಳಿಯನ್ನು ಬಿಟ್ಟು ಎಷ್ಟು ಕಾಲವಾಯಿತು ಎಂದು ತಿಳಿಯುತ್ತದೆ. ಹೇಳುವುದು ಸುಲಭ, ಮಾಡುವುದು ಕಷ್ಟ. ಒಂದು ಅಳತೆಗೆ ಇನ್ನೂರು ಲೀಟರಿಗೂ ಹೆಚ್ಚು ನೀರು ಬೇಕಿತ್ತು, ಅದೂ ಮೈಲಿಗಟ್ಟಲೆ ಆಳದಿಂದ. ಅದಕ್ಕೆಂದೇ ಲ್ಯಾಮಂಟ್‌ನ ರಾಬರ್ಟ್ ಜೆರಾರ್ಡ್ ದೊಡ್ಡ ಪೀಪಾಯಿ ತಯಾರಿಸಿದರು. 1960ರಲ್ಲಿ ಬ್ರೋಕರ್ ಮತ್ತು ಸಂಗಡಿಗರು ಅಟ್ಲಾಂಟಿಕ್‌ನ ಅಳತೆಗಳನ್ನು ಪ್ರಕಟಿಸಿದರು. ಅದೇ ವರ್ಷ, ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆಯಲ್ಲಿ ಬೆಳೆದ ನಮ್ಮ ದೇವೇಂದ್ರ ಲಾಲ್ ಮತ್ತು ಜೊತೆಗಾರರು ಕಡಲ ಸ್ಪಂಜುಗಳಲ್ಲಿ ಸಿಲಿಕಾನ್-32 ಎಂಬ ಇನ್ನೊಂದು ಗಡಿಯಾರವನ್ನು ಕಂಡುಹಿಡಿದರು.

1972ರಿಂದ 1978ರವರೆಗೆ ಜಿಯೋಸೆಕ್ಸ್ ಎಂಬ ಯೋಜನೆಯಲ್ಲಿ ಹಡಗುಗಳು ಅಟ್ಲಾಂಟಿಕ್, ಪೆಸಿಫಿಕ್, ಕೊನೆಗೆ ಹಿಂದೂ ಮಹಾಸಾಗರ ಸುತ್ತಿ, ಮೇಲಿನಿಂದ ತಳದವರೆಗೆ ನೀರು ತುಂಬಿಕೊಂಡು ಬಂದವು. ಬ್ರೋಕರ್ ಅದರ ಮುಂದಾಳುಗಳಲ್ಲಿ ಒಬ್ಬರು. ಉತ್ತರ ಅಟ್ಲಾಂಟಿಕ್‌ನ ಆಳದ ನೀರು ಎಳೆಯದು. ಉತ್ತರ ಪೆಸಿಫಿಕ್‌ನ ಆಳದ್ದು ಎಲ್ಲಕ್ಕಿಂತ ಮುದಿ, ಗಾಳಿ ಕಂಡು ಸಾವಿರ ವರ್ಷ ಮೀರಿದ್ದು. ಪಂಪ ಕಾವ್ಯ ಬರೆಯುತ್ತಿದ್ದ ಕಾಲದಲ್ಲಿ ಮುಳುಗಿದ ನೀರು ಇನ್ನೂ ಅಲ್ಲಿ ದಾರಿಯಲ್ಲಿದೆ ಎಂದರೆ ನಮಗೆ ಅಂದಾಜು ಸಿಕ್ಕೀತು.

ಜಿಯೋಸೆಕ್ಸ್ ಹಡಗುಗಳು ಹುಡುಕಿದ ಇನ್ನೊಂದು ಗುರುತು ಟ್ರಿಟಿಯಂ. ಅದನ್ನು ಅಷ್ಟು ಪ್ರಮಾಣದಲ್ಲಿ ಕಡಲಿಗೆ ಹಾಕಿದ್ದು ಮನುಷ್ಯ. 1950ರ ದಶಕದಲ್ಲಿ, 1960ರ ದಶಕದ ಮೊದಲಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಬಯಲಿನಲ್ಲಿ ಹೈಡ್ರೋಜನ್ ಬಾಂಬುಗಳನ್ನು ಸಿಡಿಸಿದವು. ಅವುಗಳಿಂದ ಹೊರಬಿದ್ದ ವಿಕಿರಣಶೀಲ ಜಲಜನಕವೇ ಟ್ರಿಟಿಯಂ. ಅದರ ಅರ್ಧಾಯುಷ್ಯ 12.3 ವರ್ಷ. ಮಳೆಯಾಗಿ ಅದು ಕಡಲಿಗೆ ಬಿತ್ತು. ಬಯಲು ಸ್ಫೋಟಗಳನ್ನು ನಿಷೇಧಿಸುವ ಒಪ್ಪಂದವಾದ 1963ರ ಆಸುಪಾಸಿನಲ್ಲಿ ಅದರ ಪ್ರಮಾಣ ತುತ್ತತುದಿಯಲ್ಲಿತ್ತು. 1972ರಲ್ಲಿ ಹಡಗು ಹೋಗಿ ನೋಡಿದಾಗ ಉತ್ತರ ಅಟ್ಲಾಂಟಿಕ್‌ನ ಮೇಲ್ತುದಿಯಲ್ಲಿ ಟ್ರಿಟಿಯಂ ಕಡಲ ತಳಕ್ಕೇ ಇಳಿದಿತ್ತು. ದಕ್ಷಿಣಕ್ಕೆ ಹೋದಂತೆ ಆಳದಲ್ಲಿ ಅದರ ಸುಳಿವಿರಲಿಲ್ಲ. ಮೇಲಿನ ನೀರು ಆಳಕ್ಕೆ ಇಳಿಯುವ ಬಾಗಿಲು ಎಲ್ಲಿದೆ ಎಂಬುದನ್ನು ಬಾಂಬಿನ ಬೂದಿಯೇ ತೋರಿಸಿಕೊಟ್ಟಂತಾಯಿತು.

ಮೂರನೆಯ ಗುರುತು ನ್ಯೂಜೆರ್ಸಿಯದೇ. ಡೆಲಾವೇರ್ ನದಿಯ ದಡದಲ್ಲಿ ಡೀಪ್‌ವಾಟರ್ ಎಂಬ ಊರಿದೆ. ಹೆಸರಿನ ಅರ್ಥ ಆಳದ ನೀರು ಎಂದು. ರೆಫ್ರಿಜರೇಟರುಗಳಿಗೆ ಬೇಕಾದ ಫ್ರಿಯಾನ್ ಎಂಬ ಅನಿಲ 1930ರ ದಶಕದ ಮೊದಲಲ್ಲಿ ಕಾರ್ಖಾನೆಯ ಪ್ರಮಾಣದಲ್ಲಿ ತಯಾರಾಗತೊಡಗಿದ್ದು ಅಲ್ಲಿ. ಬೆಂಕಿ ಹತ್ತದ, ವಿಷವಲ್ಲದ, ಯಾವುದರೊಡನೆಯೂ ಬೆರೆಯದ ಅನಿಲ. ಬೆರೆಯದ ಗುಣದಿಂದಲೇ ಅದು ನಾಶವಾಗದೆ ಗಾಳಿಯಲ್ಲಿ ಉಳಿಯಿತು, ವರ್ಷದಿಂದ ವರ್ಷಕ್ಕೆ ಹೆಚ್ಚಿತು, ನೀರಿನಲ್ಲಿ ಕರಗಿತು. ನೀರಿನಲ್ಲಿ ಫ್ರಿಯಾನ್ ಎಷ್ಟಿದೆ ಎಂದು ಅಳೆದರೆ ಆ ನೀರು ಯಾವ ಇಸವಿಯಲ್ಲಿ ಮುಳುಗಿತು ಎಂದು ಹೆಚ್ಚುಕಡಿಮೆ ಹೇಳಬಹುದು. 1985ರಲ್ಲಿ ರೇ ವೈಸ್ ಮತ್ತು ಸಂಗಡಿಗರು ಅದನ್ನು ಸಮಭಾಜಕದ ಬಳಿ ಅಟ್ಲಾಂಟಿಕ್‌ನ ಆಳದಲ್ಲಿ ಕಂಡದ್ದನ್ನು ವರದಿ ಮಾಡಿದರು. ಡೀಪ್‌ವಾಟರಿನ ಅನಿಲ ನಿಜವಾಗಿಯೂ ಆಳದ ನೀರಿಗೆ ತಲುಪಿತ್ತು. ಅಂಥವೇ ಅನಿಲಗಳು ಅಂಟಾರ್ಕ್ಟಿಕಾದ ಮೇಲೆ ಓಜೋನ್ ಪದರವನ್ನು ತಿಂದುಹಾಕುತ್ತಿವೆ ಎಂಬ ಸುದ್ದಿ ಜಗತ್ತಿಗೆ ತಿಳಿದದ್ದೂ ಅದೇ ವರ್ಷ.

ಆ ಹೊತ್ತಿಗೆ ಗಂಗೊಳ್ಳಿಯ ನಮ್ಮ ಮನೆಗೂ ಒಂದು ಹಳೆಯ ಫ್ರಿಜ್ ಬಂದಿತ್ತು. ಮಳೆಗಾಲ ಮುಗಿದೊಡನೆ "ಗ್ಯಾಸ್ ಹೋಯ್ತ್" ಎಂದು ಅಮ್ಮ ಕುಂದಾಪುರದಿಂದ ಮೆಕ್ಯಾನಿಕ್‌ನನ್ನು ಕರೆಸುತ್ತಿದ್ದಳು. ಆತ ಉಳಿದ ಗ್ಯಾಸನ್ನು ಬುಸ್ಸೆಂದು ಅಂಗಳಕ್ಕೆ ಬಿಟ್ಟು ಹೊಸದು ತುಂಬುತ್ತಿದ್ದ. ಇದನ್ನು ಓದುವಾಗ ಆ ಸದ್ದು ನೆನಪಾಯಿತು.

ಹೀಗೆ ಬಿಸಾಡಿದ್ದೇ ದಾಖಲೆಯಾಗುವುದು ಚರಿತ್ರೆಯಲ್ಲಿ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಹಲವು ವರ್ಷ ಮಂಗಳೂರಿನಲ್ಲಿದ್ದ. ಅವನ ಬದುಕು ನಮಗೆ ಗೊತ್ತಿರುವುದು ಕೈರೋದ ಯಹೂದಿ ಪ್ರಾರ್ಥನಾಮಂದಿರದ ಒಂದು ಕೋಣೆಯಲ್ಲಿ ಒಟ್ಟಿದ್ದ ಹಳೆಯ ಕಾಗದಗಳಿಂದ. ದೇವರ ಹೆಸರು ಇದ್ದೀತು ಎಂದು ಸುಡದೆ ಬಿಟ್ಟ ಓಲೆ, ಲೆಕ್ಕಪತ್ರಗಳು ಅವು. ಅವುಗಳನ್ನು ಓದಿ ಹಿಂದೂ ಮಹಾಸಾಗರದ ವ್ಯಾಪಾರದ ಚರಿತ್ರೆ ಕಟ್ಟಿದ ಎಸ್. ಡಿ. ಗೊಯಿಟೈನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಪಕ್ಕದ ಪ್ರಿನ್ಸ್‌ಟನ್‌ನಲ್ಲಿ. ಆ ಕಾಗದದಷ್ಟು ನಿರಪಾಯದ ಕಸವಲ್ಲ ನಮ್ಮದು. ಬಾಂಬನ್ನೂ ಫ್ರಿಯಾನನ್ನೂ ವಿಜ್ಞಾನಿಗಳು ಕಡಲನ್ನು ಓದಲೆಂದು ಬಿಡಲಿಲ್ಲ. ಬಿಟ್ಟಾಗಿತ್ತು, ಅವರು ಅದನ್ನೇ ಅಕ್ಷರವಾಗಿ ಓದಿದರು.

ಪ್ರಿನ್ಸ್‌ಟನ್‌ನಲ್ಲಿ ಈ ಕಥೆಯ ಇನ್ನೊಂದು ಕವಲೂ ಇದೆ. ನಮ್ಮ ಮನೆಯ ಹತ್ತಿರದ 206ನೇ ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ ಮುಕ್ಕಾಲು ಗಂಟೆಯಲ್ಲಿ ಅಮೆರಿಕ ಸರ್ಕಾರದ ಒಂದು ಪ್ರಯೋಗಾಲಯ ಸಿಗುತ್ತದೆ. ಗಾಳಿ, ನೀರುಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಕಟ್ಟುವ ಜಾಗ ಅದು. 1969ರಲ್ಲಿ ಅಲ್ಲಿನ ಸ್ಯೂಕುರೊ ಮನಾಬೆ ಮತ್ತು ಕರ್ಕ್ ಬ್ರಯನ್ ವಾತಾವರಣವನ್ನೂ ಕಡಲನ್ನೂ ಜೋಡಿಸಿದ ಮೊದಲ ಹವಾಮಾನ ಮಾದರಿಯನ್ನು ಪ್ರಕಟಿಸಿದರು. ಜಪಾನಿನಿಂದ ಬಂದು ಇಲ್ಲಿ ನೆಲೆಸಿದ ಮನಾಬೆಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಅಟ್ಲಾಂಟಿಕ್‌ನ ಈ ಹರಿವು ಎರಡು ಸ್ಥಿತಿಗಳಲ್ಲಿ ನಿಲ್ಲಬಹುದು, ಓಡುತ್ತಲೂ ಇರಬಹುದು, ನಿಂತೂ ಹೋಗಬಹುದು ಎಂದು ಸ್ಟಾಮೆಲ್ 1961ರಲ್ಲೇ ಕಾಗದದ ಮೇಲೆ ತೋರಿಸಿದ್ದರು. 1985ರಲ್ಲಿ ಬ್ರೋಕರ್ ಅದನ್ನು ಭೂಮಿಯ ಚರಿತ್ರೆಗೆ ಅನ್ವಯಿಸಿದರು. ಹಿಮಯುಗ ಮುಗಿಯುತ್ತಾ ಬಂದಿದ್ದಾಗ, ಸುಮಾರು 12,900 ವರ್ಷಗಳ ಹಿಂದೆ, ಉತ್ತರ ಅಟ್ಲಾಂಟಿಕ್‌ನ ಸುತ್ತ ದಿಢೀರನೆ ಚಳಿ ಮರಳಿ ಸಾವಿರಕ್ಕೂ ಹೆಚ್ಚು ವರ್ಷ ನಿಂತಿತು. ಕರಗಿದ ಹಿಮದ ಸಿಹಿನೀರು ಕಡಲಿನ ಮೇಲೆ ಹರಡಿ, ಉಪ್ಪುನೀರಿನ ಭಾರ ಕಡಿಮೆಯಾಗಿ, ಮುಳುಗುವ ಬಾಗಿಲು ಮುಚ್ಚಿಕೊಂಡಿತು ಎಂಬುದು ಅವರ ವಿವರಣೆ. ಮೂರು ವರ್ಷಗಳ ಬಳಿಕ ಪ್ರಿನ್ಸ್‌ಟನ್‌ನ ಮಾದರಿಯೂ ಎರಡು ಸ್ಥಿತಿಗಳನ್ನು ತೋರಿಸಿತು. ಏರ್‌ಪೋರ್ಟಿನಲ್ಲಿ ಸೂಟ್‌ಕೇಸು ಹೊತ್ತು ತಿರುಗುವ ಬೆಲ್ಟಿನಂತೆ ಕಡಲುಗಳನ್ನೆಲ್ಲ ಸುತ್ತುವ ಹರಿವಿನ ಚಿತ್ರವನ್ನು ಬ್ರೋಕರ್ 1987ರಲ್ಲಿ ಪ್ರಚಾರಕ್ಕೆ ತಂದರು. ಚಿತ್ರ ಸರಳವಾಯಿತು, ನಿಜವಾದ ಹರಿವಿನಲ್ಲಿ ಸುಳಿಗಳೂ ಅಡ್ಡದಾರಿಗಳೂ ಬಹಳ.

ಇದು ಉತ್ತರದವರ ಚಳಿಯ ಕಥೆ, ನಮಗೇನು ಎನ್ನುವಂತಿಲ್ಲ. ಅರಬ್ಬೀ ಸಮುದ್ರದ ತಳದ ಕೆಸರಿನಲ್ಲಿ ಗಾಢ ಮತ್ತು ತಿಳಿ ಬಣ್ಣದ ಪದರಗಳಿವೆ. ಮುಂಗಾರು ಬಲವಾಗಿದ್ದ ಕಾಲದಲ್ಲಿ ಗಾಳಿ ಕೆಳಗಿನ ಪೌಷ್ಟಿಕ ನೀರನ್ನು ಮೇಲೆತ್ತುತ್ತದೆ, ಜೀವಿಗಳು ಹೆಚ್ಚುತ್ತವೆ, ಸತ್ತು ತಳ ಸೇರುತ್ತವೆ, ಕೆಸರು ಗಾಢವಾಗುತ್ತದೆ. ಮಳೆಗಾಲದ ಕೊನೆಗೆ ನಮ್ಮ ಬಲೆಗಳಲ್ಲಿ ಬೂತಾಯಿ ತುಂಬುವುದಕ್ಕೂ ಇಂಥ ಮೇಲೇಳುವ ನೀರೇ ಆಧಾರ. ಮುಂಗಾರು ಸೊರಗಿದ ಕಾಲದ ಪದರ ತಿಳಿ. ಗ್ರೀನ್‌ಲ್ಯಾಂಡಿನ ಹಿಮದಲ್ಲಿ ದಾಖಲಾದ ಚಳಿಯ ಕಾಲಗಳಿಗೂ ಅರಬ್ಬೀ ಸಮುದ್ರದ ತಿಳಿ ಪದರಗಳಿಗೂ ತಾಳೆಯಾಗುತ್ತದೆ ಎಂದು 1998ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಲ್ಲಿ ನೀರು ಮುಳುಗುವುದು ತಪ್ಪಿದಾಗ ನಮ್ಮಲ್ಲಿ ಮಳೆ ತಪ್ಪಿತ್ತು.

ಈಗ ಅಳತೆ ನಿರಂತರ. 2004ರಿಂದ ಅಟ್ಲಾಂಟಿಕ್‌ಗೆ ಅಡ್ಡಲಾಗಿ, 26.5 ಡಿಗ್ರಿ ಉತ್ತರದಲ್ಲಿ, ತಳಕ್ಕೆ ಕಟ್ಟಿದ ಉಪಕರಣಗಳ ಸಾಲಿದೆ. ಅಲ್ಲಿ ಸೆಕೆಂಡಿಗೆ ಸರಾಸರಿ 1.7 ಕೋಟಿ ಘನಮೀಟರಿನಷ್ಟು ನೀರು ಮೇಲೆ ಉತ್ತರಕ್ಕೂ ಆಳದಲ್ಲಿ ದಕ್ಷಿಣಕ್ಕೂ ಸಾಗುತ್ತದೆ. ಜಗತ್ತಿನ ನದಿಗಳನ್ನೆಲ್ಲ ಕೂಡಿಸಿದರೂ ಅದರ ಹತ್ತನೇ ಒಂದು ಪಾಲು ಮುಟ್ಟುವುದಿಲ್ಲ. ಅಲ್ಲಿ ಉತ್ತರಕ್ಕೆ ಸಾಗುವ ಶಾಖವನ್ನು ವಿದ್ಯುತ್ತಿನ ಲೆಕ್ಕದಲ್ಲಿ ಹೇಳುವುದಾದರೆ, 1720 ಮೆಗಾವಾಟಿನ ನಮ್ಮ ರಾಯಚೂರು ಸ್ಥಾವರದಂಥವು ಏಳು ಲಕ್ಷಕ್ಕೂ ಹೆಚ್ಚು ಬೇಕು. 2009-10ರಲ್ಲಿ ಈ ಹರಿವು ಒಮ್ಮೆಗೇ ಶೇ. 30ರಷ್ಟು ಕುಗ್ಗಿದಾಗ ನ್ಯೂಯಾರ್ಕಿನಿಂದ ಉತ್ತರದ ಕರಾವಳಿಯಲ್ಲಿ ಕಡಲಿನ ಮಟ್ಟ 10 ಸೆಂಟಿಮೀಟರಿಗೂ ಮೀರಿ ಏರಿತ್ತು.

ಜಗತ್ತಿನ ಕಡಲುಗಳಲ್ಲಿ ಸುಮಾರು ನಾಲ್ಕು ಸಾವಿರ ಆರ್ಗೊ ತೇಲುಯಂತ್ರಗಳು ಹತ್ತು ದಿನಕ್ಕೊಮ್ಮೆ ಎರಡು ಕಿಲೋಮೀಟರು ಆಳಕ್ಕಿಳಿದು, ಎದ್ದುಬಂದು, ಉಪಗ್ರಹಕ್ಕೆ ವರದಿ ಕೊಡುತ್ತವೆ. ರಾರಿಟನ್ ದಡದ ರಟ್ಗರ್ಸ್ ವಿಶ್ವವಿದ್ಯಾಲಯದವರು 2009ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯ ಕಡಲಿಗೆ ಬಿಟ್ಟ ಸ್ಕಾರ್ಲೆಟ್ ನೈಟ್ ಎಂಬ ಮನುಷ್ಯರಿಲ್ಲದ ಪುಟ್ಟ ಗ್ಲೈಡರು 221 ದಿನ ಮುಳುಗುತ್ತಾ ಏಳುತ್ತಾ ಸಾಗಿ ಡಿಸೆಂಬರಿನಲ್ಲಿ ಸ್ಪೇನ್ ಮುಟ್ಟಿತು.

ಹರಿವು ಈ ಶತಮಾನದಲ್ಲಿ ಕುಗ್ಗುವುದು ಬಹುತೇಕ ಖಚಿತ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರಲ್ಲಿ ಹೇಳಿತು. 2100ರೊಳಗೆ ದಿಢೀರನೆ ನಿಲ್ಲಲಾರದು ಎಂದೂ ಹೇಳಿತು, ಆದರೆ ಅಷ್ಟೇ ಧೈರ್ಯದಿಂದ ಅಲ್ಲ. ಗ್ರೀನ್‌ಲ್ಯಾಂಡಿನ ಹಿಮ ಕರಗಿ ಬಾಗಿಲಿನ ಮುಂದೆ ಸಿಹಿನೀರು ಸುರಿಯುತ್ತಲೇ ಇದೆ.

ಈಗ ಅಮ್ಮನ ಪ್ರಶ್ನೆಗೆ ಬರುತ್ತೇನೆ. 1986ರಲ್ಲಿ ಲ್ಯಾಮಂಟ್‌ನ ಆರ್ನಾಲ್ಡ್ ಗಾರ್ಡನ್, ಹಿಂದೂ ಮಹಾಸಾಗರದ ಬೆಚ್ಚನೆಯ ನೀರು ಆಫ್ರಿಕದ ತುದಿ ಬಳಸಿ ಅಟ್ಲಾಂಟಿಕ್‌ಗೆ ಸೇರುವುದನ್ನು ವಿವರಿಸಿದರು. ಅದರಲ್ಲಿ ಒಂದು ಪಾಲು ಗಲ್ಫ್ ಸ್ಟ್ರೀಮಿಗೂ ಬರುತ್ತದೆ. ಅದಕ್ಕೆ ಕೆಲವು ದಶಕಗಳು ಸಾಕು. ಇಲ್ಲಿಂದ ಅಲ್ಲಿಗೆ ಆಳದ ದಾರಿಯಲ್ಲಿ ಹೋಗುವ ನೀರು ಮೊದಲು ಗ್ರೀನ್‌ಲ್ಯಾಂಡಿನ ಬಳಿ ಮುಳುಗಬೇಕು, ಅಟ್ಲಾಂಟಿಕ್‌ನ ಉದ್ದಕ್ಕೂ ಕತ್ತಲಲ್ಲಿ ಇಳಿಯಬೇಕು, ಅಂಟಾರ್ಕ್ಟಿಕಾ ಸುತ್ತ ತಿರುಗಬೇಕು, ಆಮೇಲೆ ಮೆಲ್ಲಗೆ ಹಿಂದೂ ಮಹಾಸಾಗರದಲ್ಲಿ ಮೇಲೇಳಬೇಕು. ಅದಕ್ಕೆ ಸಾವಿರ ವರ್ಷದ ಲೆಕ್ಕ. ಬರುವುದು ಒಂದು ಆಯುಷ್ಯದೊಳಗಿನ ಮಾತು, ಮರಳಿ ಹೋಗುವುದು ನಲವತ್ತು ತಲೆಮಾರಿನ ಮಾತು. ಮೂವತ್ತು ವರ್ಷದ ಹಿಂದೆ ಎರಡು ಸೂಟ್‌ಕೇಸು ಹಿಡಿದು ಇಲ್ಲಿಗೆ ಬಂದು, "ಇನ್ನು ಎರಡು ವರ್ಷ, ಆಮೇಲೆ ಊರು" ಎನ್ನುತ್ತಲೇ ಉಳಿದುಬಿಟ್ಟ ನಮ್ಮಂಥವರಿಗೆ ಈ ಲೆಕ್ಕ ಹೊಸದಲ್ಲ.

ಕಳೆದ ಮೇ ತಿಂಗಳಲ್ಲಿ ಅಮ್ಮನ ತಿಥಿಯ ಮರುದಿನ ಸ್ಯಾಂಡಿ ಹುಕ್‌ಗೆ ಹೋಗಿದ್ದೆ. ಗಂಗೊಳ್ಳಿಯಲ್ಲಿ ಅವಳು ಸೇರಿದ ನೀರಿನ ಒಂದಿಷ್ಟು ಪಾಲು ನನ್ನ ಕಾಲದಲ್ಲಲ್ಲದಿದ್ದರೂ ನನ್ನ ಮಗಳ ಕಾಲದಲ್ಲಿ ಈ ತೀರದ ಆಚೆ ಹಾದುಹೋದೀತು. 2011ರಲ್ಲಿ ಅವಳ ಬೊಗಸೆಯಿಂದ ಜಾರಿದ ನೀರಿಗೆ ಊರು ಮುಟ್ಟಲು ಇನ್ನೂ ಸಾವಿರ ವರ್ಷ ಬೇಕು, ಅದೂ ಬಾಗಿಲು ತೆರೆದಿದ್ದರೆ. ಅಲೆಯ ಅಂಚಿನಲ್ಲಿ ನಿಂತು ಅಷ್ಟನ್ನೂ ಅವಳಿಗೆ ಕುಂದಾಪ್ರ ಕನ್ನಡದಲ್ಲಿ ಹೇಳಿ ಬಂದೆ.